ಸಿದ್ದಿ ಸ್ತ್ರೀಯರ ಕೌದಿ: ಬರವಣಿಗೆಯಿಲ್ಲದ ಒಂದು ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಯಾವ ಯಾವ ಸಂಗತಿಗಳು ಇರತಕ್ಕವೆಂಬುದನ್ನು ವಾಚಕರು ಚೆನ್ನಾಗಿ ಬಲ್ಲರು. ಅಸ್ತಿವಾರದ ಕಲ್ಲನ್ನು ಆಶೀರ್ವದಿಸಿದವರು ಯಾರು, ಗಂಟೆ ಎಲ್ಲಿಂದ ಬಂದಿತು, ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಯಾವ ಗುರುಗಳ ಕಾಲದಲ್ಲಿ ಆಯಿತು, ಇವನ್ನೆಲ್ಲ ಈ ಸಂಚಿಕೆಯ ಇತರ ಲೇಖಕರು ಶ್ರಮವಹಿಸಿ ಬರೆದಿರುವರು. ನನ್ನ ಪಾಲಿಗೆ ಬಂದ ಪುಟಗಳಲ್ಲಿ ನಾನು ಘಟ್ಟದ ಮೇಲಿನ ನಮ್ಮ ಸಿದ್ದಿ ತಾಯಂದಿರು ಹೊಲಿಯುವ ಕೌದಿಯ ವಿಚಾರವನ್ನು ಬರೆಯಲು ಅಪೇಕ್ಷಿಸುತ್ತೇನೆ. ಇದು ಚರಿತ್ರೆಯ ಲೇಖನವೇ ಹೇಗಾದೀತೆಂದು ಕೆಲವರಿಗೆ ಅನಿಸಬಹುದು. ಅಂಥವರು ಸ್ವಲ್ಪ ತಾಳ್ಮೆಯಿಂದ ಮುಂದಕ್ಕೆ ಓದಬೇಕಾಗಿ ಬೇಡುವೆನು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಮುಂತಾದ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿಗಳು ವಾಸವಾಗಿರುವರು. ಇವರ ಪೂರ್ವಜರು ಆಫ್ರಿಕಾ ಖಂಡದವರು. ಅರಬ್ಬೀ ವರ್ತಕರೂ ಅವರ ತರುವಾಯ ಪೋರ್ತುಗೀಸರೂ ಹಡಗುಗಳಲ್ಲಿ ತುಂಬಿ ನಮ್ಮ ಪಶ್ಚಿಮ ತೀರಕ್ಕೆ ತಂದಿಳಿಸಿದ ಜನರ ಸಂತತಿಯಿದು. ಪೋರ್ತುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಮೊಜಾಂಬಿಕ್ ಕರಾವಳಿಯೂ ಅವರ ಕೈಯಲ್ಲಿದ್ದುದರಿಂದ ಅಲ್ಲಿಯ ಮನುಷ್ಯರು ಇಲ್ಲಿಯ ಸರಕಾದರು. 1583ರಲ್ಲಿ ಗೋವೆಗೆ ಬಂದು ಅಲ್ಲಿಯ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದ ಲಿನ್‌ಸ್ಖೋಟೆನ್ ಎಂಬ ಡಚ್ಚರವನು, ಗೋವೆಯ ಹೆದ್ದಾರಿಯಲ್ಲಿ ಗಂಡಸರನ್ನೂ ಹೆಂಗಸರನ್ನೂ ಹರಾಜಿಗಿಟ್ಟು ಮಾರುತ್ತಿದ್ದುದನ್ನು ಕಂಡು, 1596ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿರುವನು. ಸ್ನಾನದೀಕ್ಷೆಯ ನೀರೂ ಹರಾಜಿನ ಕೂಗೂ ಒಂದೇ ಪಟ್ಟಣದಲ್ಲಿದ್ದವು. ಇದನ್ನು ಮರೆಮಾಚಿ ಬರೆಯುವುದು ನನ್ನ ದೀಕ್ಷೆಗೆ ತಕ್ಕ ಮಾತಲ್ಲ.

ಯಜಮಾನರ ಮನೆಗಳಿಂದ ಓಡಿಬಂದವರು ಘಟ್ಟ ಹತ್ತಿ ಕಾಡು ಸೇರಿದರು. ಬ್ರಿಟಿಷ್ ಆಡಳಿತದಲ್ಲಿದ್ದ ಪ್ರದೇಶದಲ್ಲಿ 1843ರ ಕಾಯಿದೆಯು ಗುಲಾಮಗಿರಿಗೆ ಮಾನ್ಯತೆಯನ್ನು ತೆಗೆದುಹಾಕಿತು. ಪೋರ್ತುಗೀಸ್ ಸೀಮೆಯಲ್ಲಿ ಅದರ ರದ್ದತಿಯ ಆಜ್ಞೆ ಹೊರಟಿದ್ದು 1869ರಲ್ಲಿ. ಕಾಡಿಗೆ ಬಂದವರು ಕಾಡಿನಲ್ಲಿ ಸುಖವಾಗಿದ್ದರೆಂದು ಯಾರೂ ತಿಳಿಯಬಾರದು. ತೋಟ ಗದ್ದೆಗಳ ಒಡೆಯರಲ್ಲಿ ತಲೆಮಾರುಗಟ್ಟಲೆ ಜೀತಕ್ಕೂ ಕೂಲಿಗೂ ದುಡಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಯಾದಿಗೆ ಸೇರಿದ್ದು 2003ರಲ್ಲಿ ಮಾತ್ರ. ಅವರಲ್ಲಿ ಕಥೋಲಿಕರೂ ಮುಸಲ್ಮಾನರೂ ಹಿಂದೂಗಳೂ ಉಂಟು. ಮನೆಮಾತು ಬಹುಮಟ್ಟಿಗೆ ಕೊಂಕಣಿ. ಕನ್ನಡವನ್ನು ಎಲ್ಲರೂ ಬಲ್ಲರು.

ಇನ್ನು ಇವರ ಚರಿತ್ರೆಗೆ ಆಧಾರವೇನೆಂದು ಕೇಳಿದರೆ, ಗುರುಗಳಾದ ನಾವು ಮೊದಲು ಕಪಾಟಿನ ಬೀಗ ತೆಗೆದು ಸ್ನಾನದೀಕ್ಷೆಯ ದಾಖಲೆ ಪುಸ್ತಕವನ್ನು ತೋರಿಸುತ್ತೇವೆ. ಈ ಸೀಮೆ ಬಹುಕಾಲ ಗೋವೆಯ ಆಡಳಿತಕ್ಕೆ ಸೇರಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವೂ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯವೂ ರೂಪುಗೊಂಡವು. ಹೀಗೆ ಕೈ ಬದಲಾಯಿಸಿದರೂ ಪುಸ್ತಕದ ಅಂಕಣಗಳು ಬದಲಾಗಲಿಲ್ಲ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಜ್ಞಾನಪೋಷಕರ ಹೆಸರು, ಹುಟ್ಟಿದ ದಿನ, ದೀಕ್ಷೆಯ ದಿನ, ಗುರುವಿನ ರುಜು. ಜುಜೆ, ಬಸ್ತ್ಯಾಂವ, ಕೈತಾನ ಎಂಬಂತಹ ಹೆಸರುಗಳು ಗೋವೆಯ ದಾರಿಯನ್ನೇನೋ ಸೂಚಿಸುತ್ತವೆ. ಅದಕ್ಕಿಂತ ಆಚೆಗೆ, ಆ ಜುಜೆಯ ತಾಯಿ ಏನು ಉಟ್ಟಳು, ಮಗುವನ್ನು ಯಾವುದರಲ್ಲಿ ಸುತ್ತಿ ಪೂಜೆಗೆ ತಂದಳು, ಆಷಾಢದ ರಾತ್ರಿಯಲ್ಲಿ ಐದು ಜನ ಹೇಗೆ ಮಲಗಿದರು, ಇವಕ್ಕೆ ಅಂಕಣವೇ ಇಲ್ಲ. ದಾಖಲೆಯ ಪುಸ್ತಕ ತನ್ನ ಕೆಲಸವನ್ನು ಮಾಡಿದೆ. ಉಳಿದುದನ್ನು ಮಾಡಿದ್ದು ಕೌದಿ.

ಕೌದಿಯೆಂಬುದು ಸಿದ್ದಿಗಳಿಗೇ ಮೀಸಲಾದ ವಸ್ತುವಲ್ಲ. ಧಾರವಾಡ ಬೆಳಗಾವಿ ಕಡೆಯ ಮನೆಗಳಲ್ಲಿ ಅದಿಲ್ಲದ ಹಾಸಿಗೆಯೇ ಇರಲಿಲ್ಲ. ಮರಾಠಿಯವರು ಗೋಧಡಿ ಎನ್ನುವರು. ಕಂತೆ, ಬೊಂತೆ ಎಂಬ ಹಳೆಯ ಶಬ್ದಗಳೂ ಇದೇ ಬಳಗದವು. ಅಂತೆಕಂತೆಯೆಂದು ನಾವು ಹಗುರವಾಗಿ ಆಡುವ ಮಾತಿನಲ್ಲಿರುವ ಕಂತೆಗೆ ಹರಕು ಬಟ್ಟೆಗಳನ್ನು ಕೂಡಿಸಿ ಹೊಲಿದದ್ದು ಎಂಬ ಗೌರವದ ಅರ್ಥವೂ ಇತ್ತೆಂಬುದನ್ನು ಮರೆತುಬಿಟ್ಟಿದ್ದೇವೆ. ಸಿದ್ದಿಗಳು ಇದನ್ನು ಕವಂದಿ ಎಂದು ಕರೆಯುವರು. ಹೆಸರೂ ಅರಿವೆಯೂ ನೆರೆಹೊರೆಯಲ್ಲಿ ಹಂಚಿಹೋದುವಾದರೂ ಅವರ ಕೈಯ ಕ್ರಮಕ್ಕೆ ಅದರದೇ ಲಕ್ಷಣವುಂಟು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಕ್ವಿಲ್ಟ್ ಎಂದು ಕರೆಯುವ ಹೊದಿಕೆಯನ್ನು ಸಾಮಾನ್ಯವಾಗಿ ಚೌಕ ಚೌಕವಾಗಿ ಮಾಡುವರು. ಬಣ್ಣದ ತುಂಡುಗಳನ್ನು ಅಳತೆಗೆ ಕತ್ತರಿಸಿ ಒಂದೊಂದು ಚೌಕವನ್ನು ಬೇರೆಯಾಗಿಯೇ ಹೊಲಿದು, ಆಮೇಲೆ ಅವನ್ನೆಲ್ಲ ಜೋಡಿಸಿ, ನಡುವೆ ಹತ್ತಿಯ ಪದರವನ್ನೂ ಕೆಳಗೆ ಅಸ್ತರನ್ನೂ ಇಟ್ಟು, ಮರದ ಚೌಕಟ್ಟಿಗೆ ಬಿಗಿದು ಸುತ್ತಲೂ ಕುಳಿತು ಹೊಲಿಯುವರು. ಹೊಸಬರು ಮೊದಲು ಒಂದು ಚೌಕವನ್ನು ಕಲಿಯುವರು, ಅನಂತರ ಇನ್ನೊಂದನ್ನು. ಊರ ಹೆಂಗಸರು ತಮ್ಮ ತಮ್ಮ ಚೌಕಗಳನ್ನು ತಂದು ಒಂದೇ ಹೊದಿಕೆಗೆ ಸೇರಿಸುವ ಪದ್ಧತಿಯೂ ಅಲ್ಲಿ ಬಹು ಪ್ರಸಿದ್ಧವಾದದ್ದು.

ಸಿದ್ದಿ ಸ್ತ್ರೀಯ ಕ್ರಮದಲ್ಲಿ ಚೌಕವೂ ಇಲ್ಲ, ಚೌಕಟ್ಟೂ ಇಲ್ಲ, ಮೊದಲೇ ಗೀಚಿದ ನಕ್ಷೆಯೂ ಇಲ್ಲ. ಕೆಳಗೆ ಹಳೆಯ ನೂಲಿನ ಸೀರೆಯನ್ನು ಹಾಸುವಳು. ಅದರ ಒಂದು ಮೂಲೆಯಲ್ಲಿ ಮೊದಲನೆಯ ತುಂಡನ್ನಿಟ್ಟು, ಅಂಚನ್ನು ಒಳಕ್ಕೆ ಮಡಿಚಿ, ಹಾಸಿದ ಸೀರೆಗೂ ಸೇರಿಸಿ ಸೂಜಿಯನ್ನು ಮೇಲೆ ಕೆಳಗೆ ಓಡಿಸುತ್ತ ಹೋಗುವಳು. ಅದು ಬರಿಯ ನೇರ ಹೊಲಿಗೆ. ಕಸೂತಿ ಬಲ್ಲವರು ಅದರ ನಯವಾದ ರೂಪವನ್ನು ನೇಗಿ ಎನ್ನುವರು. ಆ ತುಂಡಿನ ಪಕ್ಕಕ್ಕೆ ಎರಡನೆಯದು, ಅದರ ಪಕ್ಕಕ್ಕೆ ಮೂರನೆಯದು, ಹೀಗೆ ನಾಲ್ಕೂ ಅಂಚುಗಳನ್ನು ಸುತ್ತಿ ಬಂದು, ಎರಡನೆಯ ಸುತ್ತನ್ನು ಅದರ ಒಳಗೆ, ಮೂರನೆಯದನ್ನು ಅದಕ್ಕೂ ಒಳಗೆ ಹಿಡಿಯುವಳು. ತುಂಡುಗಳನ್ನು ಜೋಡಿಸುವುದು, ಪದರಗಳನ್ನು ಬಿಗಿಯುವುದು, ಅಂಚು ಕಟ್ಟುವುದು ಎಂಬ ಮೂರು ಕೆಲಸಗಳು ಒಂದೇ ದಾರದಲ್ಲಿ ಒಮ್ಮೆಗೇ ಮುಗಿದುಹೋಗುತ್ತವೆ. ಕಡೆಯ ತುಂಡು ನಟ್ಟನಡುವೆ ಕೂರುತ್ತದೆ. ನಡುವಿನಲ್ಲಿ ಎಷ್ಟು ಜಾಗ ಉಳಿದೀತು, ಅದಕ್ಕೆ ಯಾವ ಬಣ್ಣ ಹೊಂದೀತು ಎಂಬುದು ಆರಂಭಿಸುವಾಗ ಅವಳಿಗೂ ಪೂರ್ತಿ ತಿಳಿದಿರುವುದಿಲ್ಲ. ಹೊಲಿಗೆಯ ಸಾಲುಗಳು ಕೆರೆಯ ತೆರೆಗಳಂತೆ ಒಂದರೊಳಗೊಂದು ಸುತ್ತಿಕೊಂಡು ಬಂದಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಕೌದಿಯ ಮೇಲೆ ಉಳುಮೆಯ ಸಾಲು ಹೊಡೆದಂತೆ ಕಾಣುತ್ತದೆ.

ತುಂಡುಗಳೆಲ್ಲ ಮನೆಯವರು ಉಟ್ಟು ತೊಟ್ಟು ಸವೆಸಿದ ಅರಿವೆಗಳು. ಅಜ್ಜಿಯ ಸೀರೆಯ ಸೆರಗು, ಗಂಡನ ಅಂಗಿಯ ಬೆನ್ನು, ಮಗಳ ಲಂಗ, ಹಬ್ಬಕ್ಕೆ ಹೊಲಿಸಿ ಗಿಡ್ಡವಾದ ಪರಕಾರ. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದೆಂದು ನಮ್ಮ ಪ್ರಭು ಹೇಳಿದ ಸಾಮತಿಯನ್ನು ನಾವು ಪೀಠದಿಂದ ಎಷ್ಟೋ ಸಲ ಸುತ್ತಿ ಬಳಸಿ ವಿವರಿಸಿದ್ದೇವೆ. ಕೌದಿ ಹೊಲಿಯುವ ಹೆಂಗಸಿಗೆ ಅದಕ್ಕೆ ವಿವರಣೆಯೇ ಬೇಕಿಲ್ಲ. ನೀರು ಕಾಣದ ಹೊಸ ಅರಿವೆ ಮೊದಲ ಒಗೆತಕ್ಕೆ ಕುಗ್ಗಿ ಪಕ್ಕದ ಹಳೆಯದನ್ನು ಹರಿಯುತ್ತದೆಂಬುದು ಅವಳ ಬೆರಳಿಗೇ ಗೊತ್ತು.

ಅಂಚು ಮುಗಿದ ಬಳಿಕ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಚೂರುಗಳನ್ನು ತ್ರಿಕೋನವಾಗಿ ಮಡಿಚಿ ಹೊರಚಾಚುವಂತೆ ಹೊಲಿಯುವರು. ಇದಕ್ಕೆ ಫುಲ, ಎಂದರೆ ಹೂವು, ಎಂದು ಹೆಸರು. ಅದರಿಂದ ಚಳಿ ಕಡಿಮೆಯಾಗುವುದಿಲ್ಲ, ಹೊದಿಕೆ ಉದ್ದವಾಗುವುದಿಲ್ಲ. ಆದರೂ ಫುಲವಿಲ್ಲದ ಕೌದಿ ಬತ್ತಲೆಯೆಂದು ಆ ತಾಯಂದಿರು ಹೇಳುವರು. ದಾಸ್ಯದಲ್ಲಿ ಬಟ್ಟೆಯನ್ನು ಯಜಮಾನನ ದಯೆಯಿಂದ ಪಡೆದ ಜನರ ಮೊಮ್ಮಕ್ಕಳು ಹರಕು ಹೊದಿಕೆಯೂ ಬತ್ತಲೆಯಾಗಿರಬಾರದೆಂದು ಹಟ ಹಿಡಿದಿರುವುದನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ.

ಮತವಿಚಾರವನ್ನೂ ಇಲ್ಲಿಯೇ ಹೇಳಿಬಿಡುವೆನು. ಕಥೋಲಿಕ ಸಿದ್ದಿಗಳ ಕೌದಿಗಳಲ್ಲಿ ಎಷ್ಟೋ ವೇಳೆ ಶಿಲುಬೆಯ ಆಕಾರದ ತುಂಡುಗಳು ಕಾಣಸಿಗುತ್ತವೆ. ಮುಸಲ್ಮಾನ ಸಿದ್ದಿಗಳವುಗಳಲ್ಲಿ ಅರ್ಧಚಂದ್ರವೂ ಮಸೀದಿಯ ಆಕೃತಿಯೂ ಬರುವುದುಂಟು. ನಮ್ಮವರ ಶಿಲುಬೆಯನ್ನು ಕಂಡು ಹಿಗ್ಗುವ ಕೆಲವು ಭಕ್ತಾದಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಆ ಶಿಲುಬೆ ಕೂತಿರುವ ನೆಲ, ಹಿಡಿದಿರುವ ಹೊಲಿಗೆ, ಮೂಲೆಯ ಫುಲ, ಇವೆಲ್ಲ ಅರ್ಧಚಂದ್ರದ ಕೌದಿಯಲ್ಲಿಯೂ ಅವೇ. ಸಿದ್ದಿಗಳು ತಮ್ಮ ಹಿರಿಯರನ್ನು ನೆನೆಯುವುದರಲ್ಲಿಯೂ ಡಮಾಮಿ ಬಡಿದು ಕುಣಿಯುವುದರಲ್ಲಿಯೂ ಮೂರು ಮತಗಳನ್ನು ಮೀರಿ ಒಂದಾಗುವರೆಂಬುದು ತಿಳಿದದ್ದೇ. ಸೂಜಿಯೂ ಆ ಸಾಲಿಗೆ ಸೇರಿದ್ದು.

ಹಾಗಾದರೆ ಈ ವಿದ್ಯೆಯನ್ನು ಆಫ್ರಿಕಾದಿಂದಲೇ ತಂದರೋ? ಹೊರಗಿನಿಂದ ಬಂದ ಅನೇಕರು ಹಾಗೆಯೇ ನಂಬಲು ಇಷ್ಟಪಡುವರು. ಅಮೆರಿಕದ ಕರಿಯ ಸ್ತ್ರೀಯರ ಹೊದಿಕೆಗಳಿಗೂ ಇವಕ್ಕೂ ಬಣ್ಣಗಳ ಧೈರ್ಯದಲ್ಲಿ, ಅಳತೆ ತಪ್ಪಿದಂತೆ ಕಂಡೂ ತಪ್ಪದ ತಾಳದಲ್ಲಿ ಹೋಲಿಕೆಯಿರುವುದು ನಿಜ. ಆದರೆ ಹರಕು ಸೀರೆಗಳನ್ನು ಪದರ ಹಾಕಿ ಹೊಲಿಯುವ ಪದ್ಧತಿ ಸಿಂಧದಿಂದ ಬಂಗಾಳದವರೆಗೆ ಹರಡಿದೆ, ಮತ್ತು ಇವರ ನೆರೆಯವರೂ ಅದನ್ನು ಬಲ್ಲರು. ನನ್ನ ಬುದ್ಧಿಗೆ ತೋಚುವುದೇನೆಂದರೆ, ಕಲಿತದ್ದು ಈ ನೆಲದಲ್ಲಿ, ಕಲಿತ ಮೇಲೆ ಅದನ್ನು ತಮ್ಮದಾಗಿ ಮಾಡಿಕೊಂಡಿದ್ದು ಇವರ ಸ್ವಂತ ಪ್ರತಿಭೆ. ಹಡಗಿನಲ್ಲಿ ಏನನ್ನೂ ತರಲು ಬಿಡದವರ ಮೇಲೆ, ಎಲ್ಲವನ್ನೂ ತಂದಿದ್ದಾರೆಂದು ಸಾಧಿಸುವ ಹೊರೆಯನ್ನು ಏಕೆ ಹೊರಿಸಬೇಕು?

ಬಹುಕಾಲ ಈ ಕೌದಿಗಳು ಮನೆಯ ಹಗ್ಗದ ಮೇಲೆಯೇ ಇದ್ದವು. ಮಾರುವ ವಸ್ತುವೆಂದು ಯಾರೂ ಎಣಿಸಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಕಲಾಚರಿತ್ರೆಯ ಪ್ರಾಧ್ಯಾಪಕರಾಗಿದ್ದ ಹೆನ್ರಿ ಜಾನ್ ಡ್ರೂವಲ್ ಎಂಬವರು ಸಿದ್ದಿಗಳ ನಡುವೆ ಅಧ್ಯಯನ ಮಾಡಲು ಬಂದು ಇವುಗಳನ್ನು ಕಂಡರು. 2004ರ ಸುಮಾರಿಗೆ ಅವರ ನೆರವಿನಿಂದ ಸಿದ್ದಿ ಸ್ತ್ರೀಯರ ಕೌದಿ ಸಹಕಾರ ಸಂಘವೊಂದು ರೂಪುಗೊಂಡಿತು. ಮುಂಡಗೋಡ ತಾಲೂಕಿನ ಗುಂಜಾವತಿ, ಮೈನಳ್ಳಿಯಂತಹ ಊರುಗಳಲ್ಲಿ ಹೊಲಿಯುವ ಕೈಗಳಿಗೆ ಹೊರಗಿನ ಕೊಳ್ಳುವವರು ಸಿಕ್ಕಿದರು. 2011ರಲ್ಲಿ ನ್ಯೂಯಾರ್ಕ್ ನಗರದ ಷಾಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ಏರ್ಪಟ್ಟಿತು. ಅಟ್ಟದ ಮೇಲೆ ಮಡಿಚಿಟ್ಟ ಹೊದಿಕೆ ಸಮುದ್ರ ದಾಟಿ ಗೋಡೆಯೇರಿತು.

ಹೆಂಗಸರು ಒಟ್ಟಿಗೆ ಕುಳಿತು ಹೊಲಿಯುವುದರಿಂದ ಆಗುವ ಲಾಭವನ್ನು ಹಣದಲ್ಲಿ ಮಾತ್ರ ಎಣಿಸಲಾಗದು. ತಾಯಿಯಿಂದ, ಅಜ್ಜಿಯಿಂದ ನೋಡಿ ಕಲಿತ ವಿದ್ಯೆಯಿದು. ಪಾಠವಿಲ್ಲ, ಪುಸ್ತಕವಿಲ್ಲ. ಮನೆಯೊಳಗೆ ಒಬ್ಬಳೇ ಹೊಲಿಯುತ್ತಿದ್ದವಳು ಜಗಲಿಗೆ ಬಂದರೆ, ಮೂಲೆಯನ್ನು ತಿರುಗಿಸುವ ಉಪಾಯವನ್ನು ಪಕ್ಕದ ಮನೆಯ ಹುಡುಗಿಯೂ ಕಾಣುವಳು. ಒಬ್ಬಳ ಗಂಟಿನಲ್ಲಿ ಉಳಿದ ಕೆಂಪು ಚೂರು ಇನ್ನೊಬ್ಬಳ ನಡುವಿಗೆ ಹೊಂದುವುದು. ವಯಸ್ಸಾಗಿ ಗದ್ದೆಯ ಕೆಲಸಕ್ಕೆ ಆಗದವಳೆಂದು ಮೂಲೆಗೆ ಸರಿಸಿದ ಮುದುಕಿಯೇ ಅಲ್ಲಿ ಗುರು. ಸಂಘವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವಿದ್ದರೆ ನಾನು ಕಾಣೆ.

ಆದರೆ ಮಾರುಕಟ್ಟೆಯೆಂಬುದು ಕೈಗೆ ಕೂಲಿ ಕೊಡುವಾಗಲೇ ಕೈಯನ್ನು ತಿದ್ದಲೂ ತೊಡಗುತ್ತದೆ. ಇದಕ್ಕೆ ಅಮೆರಿಕದಲ್ಲಿಯೇ ಒಂದು ನಿದರ್ಶನವುಂಟು. ಅಲಬಾಮ ರಾಜ್ಯದ ವಿಲ್ಕಾಕ್ಸ್ ಕೌಂಟಿಯೆಂಬುದು ಕರಿಯ ಜನರ ಬಡ ಸೀಮೆ. ಅಲ್ಲಿಯವರು ಮತದಾನದ ಹಕ್ಕಿಗಾಗಿ ಹೆಸರು ಬರೆಸಲು ಹೊರಟಾಗ ಕೆಲಸವನ್ನೂ ಮನೆಯನ್ನೂ ಕಳೆದುಕೊಂಡರು. ಫ್ರಾನ್ಸಿಸ್ ವಾಲ್ಟರ್ ಎಂಬ ಎಪಿಸ್ಕೋಪಲ್ ಸಭೆಯ ಗುರುಗಳು 1965ರ ಡಿಸೆಂಬರಿನಲ್ಲಿ ಆ ದಾರಿಯಾಗಿ ಹೋಗುವಾಗ ಒಂದು ಮನೆಯ ಮುಂದೆ ಹಗ್ಗದ ಮೇಲೆ ಒಣಗಹಾಕಿದ್ದ ಹೊದಿಕೆಗಳನ್ನು ಕಂಡರು. ಮರುವರ್ಷ, 1966ರಲ್ಲಿ, ಆ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘವನ್ನು ಕಟ್ಟಿದರು. ಬೀ ಎಂದರೆ ಆ ದೇಶದ ಹಳ್ಳಿಗಳಲ್ಲಿ ನೆರೆಯವರು ಕೂಡಿ ಕೆಲಸ ಮಾಡುವ ಕೂಟ, ನಮ್ಮ ಮುಯ್ಯಾಳಿನಂತೆ. ಹೊದಿಕೆಗಳು ನ್ಯೂಯಾರ್ಕಿನ ಹರಾಜಿನಲ್ಲಿ ಮಾರಿಹೋದವು, ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂದಿತು. ಬೇಡಿಕೆಯ ಹಿಂದೆಯೇ ಶರತ್ತುಗಳೂ ಬಂದವು. ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಮಾದರಿಯಲ್ಲಿ, ಸಮನಾದ ಹೊಲಿಗೆಯಲ್ಲಿ ಇರತಕ್ಕದ್ದು. 1972ರಲ್ಲಿ ಸಿಯರ್ಸ್ ಕಂಪನಿಗಾಗಿ ಕಾರ್ಡರಾಯ್ ಬಟ್ಟೆಯ ದಿಂಬಿನ ಹೊದಿಕೆಗಳನ್ನು ಹೊಲಿಯುವ ಗುತ್ತಿಗೆ ದೊರೆಯಿತು.

ಈ ಗುತ್ತಿಗೆಯನ್ನು ಹಳಿಯುವುದು ಸುಲಭ. ಮನೆಯಿಂದ ಹೊರದೂಡಲ್ಪಟ್ಟವರಿಗೆ ತಿಂಗಳ ಸಂಬಳ ಬಂದದ್ದು ಅದರಿಂದ. ಉಪವಾಸವಿದ್ದವರಿಗೆ ಕಲೆಯ ಸ್ವಾತಂತ್ರ್ಯವನ್ನು ಬೋಧಿಸುವವರು ಮೊದಲು ತಾವು ಒಂದು ಹೊತ್ತು ಉಪವಾಸವಿದ್ದು ನೋಡಲಿ. ಆದರೂ ನಡೆದದ್ದನ್ನು ನಡೆದಂತೆ ಹೇಳಬೇಕು. ದಿಂಬಿನ ಹೊದಿಕೆಗಳಿಂದ ಉಳಿದ ಚಿಂದಿಗಳನ್ನು ಹೆಂಗಸರು ಮನೆಗೆ ಒಯ್ದು, ಯಾರ ಅಳತೆಗೂ ಕಾಯದೆ, ತಮಗೆ ತೋಚಿದಂತೆ ಹೊಲಿದುಕೊಂಡರು. ಅದೇ ಸೀಮೆಯ ಗೀಸ್ ಬೆಂಡ್ ಎಂಬ ಹಳ್ಳಿಯ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಮತ್ತು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳ ಗೋಡೆಗಳನ್ನು ಅಲಂಕರಿಸಿದಾಗ ಜನರು ನಿಂತು ನೋಡಿದ್ದು ಇಂತಹ ಚಿಂದಿಯ ಹೊದಿಕೆಗಳನ್ನು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ 10 ಅಂಚೆಚೀಟಿಗಳನ್ನು ಹೊರಡಿಸಿತು. ಸಂಘ 2012ರಲ್ಲಿ ಮುಚ್ಚಿತು. ಗುತ್ತಿಗೆಯ ದಿಂಬಿನ ಹೊದಿಕೆಗಳಿಗೆ ಯಾರೂ ಗೋಡೆ ಕೊಟ್ಟಿಲ್ಲ.

ನಮ್ಮ ತಾಯಂದಿರ ಎದುರಿಗೂ ಇದೇ ಪ್ರಶ್ನೆಯಿದೆ. ಪಟ್ಟಣದ ಗಿರಾಕಿಗೆ ತಿಳಿಬಣ್ಣ ಬೇಕು, ಮಂಚದ ಅಳತೆ ಬೇಕು, ಒಂದರಂತೆ ಹತ್ತು ಬೇಕು. ಹಳೆಯ ಅರಿವೆಯೆಂದರೆ ಮೂಗು ಮುರಿಯುವವರಿಗಾಗಿ ದರ್ಜಿಯ ಅಂಗಡಿಯ ಹೊಸ ಚೂರುಗಳನ್ನು ತರಬೇಕಾಗುತ್ತದೆ. ನೂಲಿನ ಸೀರೆಯೂ ಈಗ ಮನೆಯಲ್ಲಿ ಅಪರೂಪ. ನುಣುಪಾದ ಮಿಲ್ಲಿನ ಸೀರೆ ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಹೊಸ ಚೂರಿನಿಂದ ಹೊಲಿದುದು ಕೌದಿಯಲ್ಲವೆಂದು ನಾನು ಹೇಳಲಾರೆ. ಹಣ ಬೇಕಾದವಳು ಗಿರಾಕಿಯ ಮಾತಿನಂತೆ ಹೊಲಿಯಲಿ. ಆದರೆ ಕೊಳ್ಳುವವರಲ್ಲಿ ನನ್ನದೊಂದು ಬಿನ್ನಹ. ಹೊಲಿದವಳು ಮೂಲೆಯಿಂದ ಹೊರಟು ನಡುವಿಗೆ ತಾನಾಗಿ ದಾರಿ ಹುಡುಕಿ ಬರಲು ಬಿಡಿ, ಅವಳ ಹೆಸರನ್ನು ಕೇಳಿ ಬರೆದುಕೊಳ್ಳಿ, ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. ವಾರಗಟ್ಟಲೆ ಬಗ್ಗಿ ಕುಳಿತ ಬೆನ್ನಿನ ಬೆಲೆಯದು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೊಪ್ಪದ ತಬಿಥಳ ಪ್ರಸಂಗ ಬರುತ್ತದೆ. ಅವಳು ಸತ್ತಾಗ ಪೇತ್ರನು ಬರುತ್ತಲೇ ಊರಿನ ವಿಧವೆಯರು ಅವಳ ಗುಣಗಳನ್ನು ಮಾತಿನಲ್ಲಿ ವರ್ಣಿಸುತ್ತ ಕೂರಲಿಲ್ಲ. ಅಳುತ್ತ ಸುತ್ತ ನಿಂತು, ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಡುಪುಗಳನ್ನೂ ತೋರಿಸಿದರು. ಆ ವಿಧವೆಯರಿಗೆ ಚರಿತ್ರೆಯ ಆಧಾರವೆಂದರೇನೆಂಬುದು ತಿಳಿದಿತ್ತು.

ಆದಕಾರಣ ಈ ಉತ್ಸವದ ವರ್ಷದಲ್ಲಿ ಸಭಾಭವನದ ಒಂದು ಗೋಡೆಯನ್ನು ಕೌದಿಗಳಿಗಾಗಿ ಬಿಟ್ಟಿದ್ದೇವೆ. ದಾಖಲೆ ಪುಸ್ತಕದ ಮಾದರಿಯಲ್ಲಿಯೇ ಬೇರೊಂದು ಪುಸ್ತಕವನ್ನೂ ಕಟ್ಟಿಸಿದೆ. ಹೊಲಿದವಳ ಹೆಸರು, ಕಲಿಸಿದವಳ ಹೆಸರು, ಊರು, ಯಾರ ಯಾರ ಅರಿವೆ ಅದರಲ್ಲಿದೆ, ಅದರಡಿ ಯಾರು ಯಾರು ಮಲಗಿದರು ಎಂಬ ಅಂಕಣಗಳು ಅದರಲ್ಲಿವೆ. ಮೂರು ಮತದವರೂ ತರಬಹುದು. ಹೊಸದಾಗಿ ಹೊಲಿದು ತರಬೇಕಾಗಿಲ್ಲ, ಒಗೆದು ಮಡಿಚಿ ತಂದರೆ ಸಾಕು. ಹರಿದಿದೆಯೆಂದು ಯಾರೂ ನಾಚಬಾರದು. ಮೇಲಿನ ತುಂಡು ಸವೆದು ಹೋದಲ್ಲಿ ಅದರಡಿಯ ಹಳೆಯ ತುಂಡೂ, ಅದಕ್ಕೂ ಅಡಿಯಲ್ಲಿ ಮುತ್ತಜ್ಜಿಯ ಸೀರೆಯೂ ಕಾಣುತ್ತದೆ. ನಮಗೆ ಬೇಕಾಗಿರುವುದು ಅಂತಹುದೇ.